ನೋಟದ ಕಲೆಯೂ ಬಳಕೆಯ ಕಸುಬೂ

ಜಪಾನು ದೇಶದಲ್ಲಿ ಈಚಿನ ಮೂರು ದಶಕಗಳಿಂದ ಹೊಸ ಬಗೆಯ ವಸತಿಗೃಹಗಳು ತಲೆಯೆತ್ತಿವೆ. ಇವು ನೂರಾರು ಕೋಣೆಗಳ ದೊಡ್ಡ ಹೋಟೆಲುಗಳಲ್ಲ. ಕೆಲವೇ ಕೋಣೆಗಳುಳ್ಳವು, ಒಂದು ಕೋಣೆ ಇನ್ನೊಂದರಂತಿರದವು. ಇಂದಿನ ಚಿತ್ರಕಾರರ ಮತ್ತು ಶಿಲ್ಪಿಗಳ ಕೃತಿಗಳನ್ನು ಇಲ್ಲಿ ಹಳೆಯ ಕರಕೌಶಲಗಳ ಮಗ್ಗುಲಲ್ಲಿ ಜೋಡಿಸಿರುತ್ತಾರೆ: ಕೈಯಿಂದ ಎತ್ತಿದ ಕಾಗದ, ಮರದ ಹಾಲಿನ ಮೆರುಗು ಕೊಟ್ಟ ಪಾತ್ರೆ, ಜರತಾರಿಯ ನೇಯ್ಗೆ, ಬಿದಿರಿನ ಹೆಣಿಗೆ, ಆವಿಗೆಯ ಮಣ್ಣಿನ ಬಟ್ಟಲು. ಅಳಿದುಹೋಗುತ್ತಿರುವ ಕಸುಬುಗಳನ್ನು ತಾವು ಉಳಿಸುತ್ತಿರುವೆವೆಂದು ಇಂತಹ ಗೃಹಗಳ ಒಡೆಯರು ಸಾರುತ್ತಾರೆ. ಪ್ರವಾಸಿಗಳು ಅದನ್ನು ನಂಬಿ ಮೆಚ್ಚುತ್ತಾರೆ. ಈ ಮಾತಿನಲ್ಲಿ ಸತ್ಯವು ಇಲ್ಲದೆ ಇಲ್ಲ. ಆದರೆ ಅದು ಪೂರ್ಣಸತ್ಯವೆಂದು ಪರೀಕ್ಷಿಸದೆ ಒಪ್ಪಿಕೊಳ್ಳುವುದು ಆ ಕಸುಬುಗಳಿಗೇ ಹಿತವಾದುದಲ್ಲ.

ಮೊದಲನೆಯದಾಗಿ, ವಸತಿಗೃಹದಲ್ಲಿ ಕಲೆಯನ್ನೂ ಕಸುಬನ್ನೂ ಕೂಡಿಸುವುದು ಜಪಾನೀಯರಿಗೆ ಹೊಸತಲ್ಲ. ಅಲ್ಲಿನ ಹಳೆಯ ಛತ್ರಗಳಿಗೆ ‘ರ್ಯೋಕಾನ್’ ಎಂದು ಹೆಸರು. ಅವುಗಳ ಕೋಣೆಯ ಒಂದು ಮೂಲೆಯಲ್ಲಿ ‘ತೊಕೊನೊಮ’ ಎಂಬ ಗೂಡು ಇರುತ್ತದೆ. ಅದರಲ್ಲಿ ಒಂದು ಸುರುಳಿಚಿತ್ರ, ಅದರ ಕೆಳಗೆ ಒಂದು ಹೂವು. ಋತು ಬದಲಾದಂತೆ ಆ ಚಿತ್ರವನ್ನು ಇಳಿಸಿ, ಸುರುಳಿ ಸುತ್ತಿಟ್ಟು, ಬೇರೊಂದನ್ನು ತೂಗುಹಾಕುತ್ತಾರೆ. ಉಣಬಡಿಸುವ ಪಾತ್ರೆಗಳೂ ಕಾಲಕ್ಕೆ ತಕ್ಕಂತೆ ಮಾರ್ಪಡುವುವು. ಚಿತ್ರಕ್ಕೆ ಒಂದು ಗೂಡು ಸಾಕು. ಉಳಿದ ಕೋಣೆಯೆಲ್ಲವೂ ಕಸುಬಿನದು. ಅತಿಥಿಯ ಕಾಲಡಿಯಲ್ಲಿ ಜೊಂಡಿನ ತತಾಮಿ ಚಾಪೆ, ಕೈಯಲ್ಲಿ ಬಟ್ಟಲು, ಕಿಟಕಿಯಲ್ಲಿ ಬೆಳಕನ್ನು ಸೋಸುವ ಕಾಗದ. ಇವುಗಳನ್ನು ಅವನು ನಿಂತು ನೋಡುತ್ತಿರಲಿಲ್ಲ. ಇವುಗಳ ಮೇಲೆ ಮಲಗಿ, ಇವುಗಳಲ್ಲಿ ಉಂಡು, ಬೆಳಗಾದರೆ ಹೊರಟುಹೋಗುತ್ತಿದ್ದನು.

ಈ ತತ್ತ್ವವನ್ನು ಮಾತಿನಲ್ಲಿ ಸ್ಪಷ್ಟಪಡಿಸಿದವನು ಯಾನಾಗಿ ಸೋಎತ್ಸು (1889–1961). ಅವನೂ ಕುಂಬಾರಿಕೆಯ ಕಲಾವಿದರಾದ ಹಮಾದಾ ಶೋಜಿ, ಕವಾಯ್ ಕಂಜಿರೋ ಇವರೂ ಕೂಡಿ ಸುಮಾರು 1925ರಲ್ಲಿ ‘ಮಿಂಗೇಯ್’, ಎಂದರೆ ಜನಸಾಮಾನ್ಯರ ಕರಕೌಶಲ, ಎಂಬ ಪದವನ್ನು ಬಳಕೆಗೆ ತಂದರು. ವಸ್ತುವಿನ ಚೆಲುವು ಅದರ ಉಪಯೋಗದಿಂದಲೇ ಹುಟ್ಟುತ್ತದೆಂಬುದು ಅವನ ಸಿದ್ಧಾಂತ. ಅಂತಹವನೇ 1936ರಲ್ಲಿ ಟೋಕಿಯೋದಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿ ಬಟ್ಟಲುಗಳನ್ನು ನೋಟಕ್ಕಿಡಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಇಟ್ಟನು, ನಿಜ. ಆದರೆ ವಸ್ತುಸಂಗ್ರಹಾಲಯದಲ್ಲಿ ಯಾರೂ ಉಣ್ಣುವುದಿಲ್ಲ, ಮಲಗುವುದಿಲ್ಲ. ಬಳಕೆಗೆ ಅವಕಾಶವಿಲ್ಲದೆಡೆ ನೋಟವಾದರೂ ಇರಲೆಂಬುದು ಅಲ್ಲಿನ ನ್ಯಾಯ. ದಿನಕ್ಕೆ ಮೂರು ಹೊತ್ತು ಎಲೆ ಹಾಕುವ ಮನೆಗೆ ಆ ನ್ಯಾಯವು ಹೇಗೆ ಸಲ್ಲುವುದು?

ಜಪಾನಿನ ಶಾಸನವೂ ಯಾನಾಗಿಯ ಪಕ್ಷದಲ್ಲಿಯೇ ಇದೆ. ಸಾಂಪ್ರದಾಯಿಕ ಕರಕೌಶಲಗಳ ಅಭಿವೃದ್ಧಿಗಾಗಿ 1974ರಲ್ಲಿ ಜಾರಿಗೆ ಬಂದ ಕಾನೂನು ಮನ್ನಣೆಗೆ ವಿಧಿಸುವ ನಿಬಂಧನೆಗಳಲ್ಲಿ ಮೊದಲನೆಯದೇ ಇದು: ಆ ವಸ್ತುವು ಮುಖ್ಯವಾಗಿ ದಿನಬಳಕೆಯದಾಗಿರಬೇಕು. ಕೈಕೆಲಸ, ಹಳೆಯ ವಿಧಾನ, ಹಳೆಯ ಸಾಮಗ್ರಿ ಇವು ಅದರ ಹಿಂದೆ ಬರುವುವು.

ಇನ್ನು ಹೊಸ ಗೃಹಗಳ ಕಡೆಗೆ ಬರೋಣ. ನಾವೋಶಿಮಾ ದ್ವೀಪದಲ್ಲಿ ವಾಸ್ತುಶಿಲ್ಪಿ ತಾದಾವೋ ಆಂದೋ ನಿರ್ಮಿಸಿದ ಬೆನೆಸ್ಸೆ ಗೃಹವು 1992ರಲ್ಲಿ ತೆರೆಯಿತು. ಅದು ಕಲಾಲಯವೂ ಹೌದು, ವಸತಿಯೂ ಹೌದು. ಅದು ತನ್ನನ್ನು ಕಲಾಲಯವೆಂದೇ ಕರೆದುಕೊಂಡಿತು, ಅದರಲ್ಲಿ ಮೋಸವಿಲ್ಲ. ರೇಷ್ಮೆಗೆ ಹೆಸರಾಗಿದ್ದ ಮಾಯೆಬಾಶಿ ಪಟ್ಟಣದಲ್ಲಿ ಮುನ್ನೂರು ವರ್ಷಗಳಿಗೆ ಮೇಲ್ಪಟ್ಟು ಬಾಳಿದ್ದ ಶಿರೋಯಿಯಾ ಎಂಬ ವಸತಿಗೃಹವು 2008ರಲ್ಲಿ ಮುಚ್ಚಿಹೋಗಿತ್ತು. 2020ರಲ್ಲಿ ಸೋ ಫುಜಿಮೋತೋ ಅದಕ್ಕೆ ಪುನರ್ಜನ್ಮ ಕೊಟ್ಟನು. ಪಾಳುಬಿದ್ದ ಮನೆಯಲ್ಲಿ ಮತ್ತೆ ದೀಪ ಹಚ್ಚಿದುದು ಮೆಚ್ಚತಕ್ಕ ಕಾರ್ಯವೇ. ಆದರೂ ಅಲ್ಲಿ ಇಟಲಿಯ ಮಿಕೇಲೆ ದೆ ಲುಕ್ಕಿ ರಚಿಸಿದ ಒಂದು ಕೋಣೆಯನ್ನು ಗಮನಿಸಬೇಕು. ಜಪಾನಿನ ಹಳೆಯ ಮನೆಗಳ ಮಾಡಿಗೆ ಹೊದಿಸುತ್ತಿದ್ದ ತೆಳು ಮರದ ಹಲಗೆಗಳ ಮಾದರಿಯನ್ನು ಅವನು ಒಳಗಿನ ಗೋಡೆಗೆ ತಂದಿದ್ದಾನೆ. ಕೋಣೆ ಸುಂದರವಾಗಿದೆ. ಆದರೆ ಮಳೆಯನ್ನು ತಡೆಯಲು ಹುಟ್ಟಿದ ಹಲಗೆ ಮಳೆಯೇ ಬೀಳದ ಕಡೆ ನಿಂತಿದೆ. ಮಾಡಿನ ಹಲಗೆಯನ್ನು ಕಾಲಕಾಲಕ್ಕೆ ಹೊಸದಾಗಿ ಹೊದಿಸಬೇಕಾಗುತ್ತದೆ. ಹೊದಿಸುವವನಿಗೆ ಮತ್ತೆ ಕೆಲಸ, ಅವನ ಶಿಷ್ಯನಿಗೆ ಮತ್ತೆ ಪಾಠ. ಗೋಡೆಯ ಹಲಗೆಗೆ ಒಂದು ಸಲದ ಕೂಲಿಯೊಡನೆ ವ್ಯವಹಾರವು ಮುಗಿಯುತ್ತದೆ.

ಇದೇ ಈ ವಿಚಾರದ ತಿರುಳು. ಕಸುಬು ಬದುಕುವುದು ಹೊಗಳಿಕೆಯಿಂದಲ್ಲ, ಮರಳಿ ಮರಳಿ ಬರುವ ಬೇಡಿಕೆಯಿಂದ. ಜಪಾನಿನಲ್ಲಿ ಮನ್ನಣೆ ಪಡೆದ ಕರಕೌಶಲಗಳಲ್ಲಿ ದುಡಿಯುವವರು 1979ರಲ್ಲಿ 2,80,000ಕ್ಕೂ ಹೆಚ್ಚಾಗಿದ್ದರು. 2016ರ ವೇಳೆಗೆ ಸುಮಾರು 63,000ಕ್ಕೆ ಇಳಿದರು. ಈ ಕಾಲದಲ್ಲಿ ಆ ವಸ್ತುಗಳ ಕೀರ್ತಿ ಕುಗ್ಗಿತೆ? ಇಲ್ಲ, ಲೋಕದ ನಾನಾ ದೇಶಗಳಲ್ಲಿ ಬೆಳೆಯಿತು. ಕುಗ್ಗಿದುದು ಬಳಕೆ. ಹೊಸ ಮನೆಗಳಲ್ಲಿ ತತಾಮಿಯ ಕೋಣೆಯಿಲ್ಲ, ತೊಕೊನೊಮದ ಗೂಡಿಲ್ಲ, ಮೆರುಗಿನ ಬಟ್ಟಲನ್ನು ಕೈಯಲ್ಲಿ ತೊಳೆಯುವ ಪುರುಸೊತ್ತಿಲ್ಲ. ಮನೆಯು ಬಿಟ್ಟ ಬಳಕೆಯನ್ನು ಹಿಡಿದುಕೊಳ್ಳಬಲ್ಲ ಸ್ಥಳಗಳಲ್ಲಿ ವಸತಿಗೃಹವು ಮುಖ್ಯವಾದುದು. ಅಲ್ಲಿ ಪ್ರತಿದಿನವೂ ಹಾಸಿಗೆ ಹಾಸಬೇಕು, ಸಾರು ಬಡಿಸಬೇಕು, ದೀಪ ಹಚ್ಚಬೇಕು. ಅಂತಹ ಸ್ಥಳವೂ ಕಸುಬನ್ನು ಗೋಡೆಗೇರಿಸಿ, ಉಪಾಹಾರವನ್ನು ಕಾರ್ಖಾನೆಯ ಪಿಂಗಾಣಿಯಲ್ಲಿ ಬಡಿಸುವುದಾದರೆ, ಉಳಿಸಿದೆವೆಂಬ ಮಾತಿಗೆ ಅರ್ಥವೇನು?

ಉರುಶಿ ಎಂಬ ಮರದ ಹಾಲಿನ ದೃಷ್ಟಾಂತವನ್ನೇ ನೋಡಬಹುದು. ಆ ಮರವನ್ನು ಹತ್ತು ಹದಿನೈದು ವರ್ಷ ಬೆಳೆಸಿ, ಒಂದು ಋತುವಿನಲ್ಲಿ ಗಾಯಮಾಡಿ ಸುಮಾರು 200 ಗ್ರಾಂ ಹಾಲನ್ನು ತೆಗೆದು, ಬಳಿಕ ಮರವನ್ನು ಕಡಿದುಬಿಡುವರು. ಇಂದು ಬಡಿಸುವ ಬಟ್ಟಲಿಗಾಗಿ ಹಿಂದೆಯೇ ಯಾರೋ ಸಸಿ ನೆಟ್ಟಿರಬೇಕು. ಮುಂದೆ ಬೇಡಿಕೆಯುಂಟೆಂಬ ಭರವಸೆಯಿಲ್ಲದಿದ್ದರೆ ನೆಡುವವರು ಯಾರು? ಈ ಮೆರುಗಿಗೆ ಹೆಸರಾದ ವಾಜಿಮಾ ಪಟ್ಟಣವು 2024ರ ಜನವರಿ 1ರ ಭೂಕಂಪದಲ್ಲಿಯೂ ಬೆಂಕಿಯಲ್ಲಿಯೂ ನೊಂದಿತು, ಕಾರ್ಯಾಗಾರಗಳು ನೆಲಸಮವಾದುವು. ಅಲ್ಲಿಯ ಬಟ್ಟಲು ನೂರಕ್ಕೆ ಮೇಲ್ಪಟ್ಟ ಹಂತಗಳಲ್ಲಿ ಸಿದ್ಧವಾಗುವುದು. ಸವೆದರೆ ಮತ್ತೆ ಬಳಿದು ಹೊಸತು ಮಾಡಬಹುದು. ಅಂತಹ ಊರಿಗೆ ಒಂದು ವಸತಿಗೃಹವು ನಿಜವಾಗಿ ನೆರವಾಗಬೇಕೆಂದರೆ, ಅಂಗಳದಲ್ಲಿ ದೊಡ್ಡದೊಂದು ಮೆರುಗಿನ ಪ್ರತಿಮೆಯನ್ನು ನಿಲ್ಲಿಸುವುದಕ್ಕಿಂತ ಇನ್ನೂರು ಬಟ್ಟಲು ಕೊಂಡು, ಪ್ರತಿವರ್ಷವೂ ಸವೆದವನ್ನು ದುರಸ್ತಿಗೆ ಕಳುಹಿಸುವುದು ಮೇಲು.

ಕಸುಬು ಬದಲಾಗದೆ ನಿಂತರೆ ಸಾಯುವುದು, ಹೊಸ ಕಲೆಯ ಸಂಗದಿಂದಲೇ ಅದಕ್ಕೆ ಹೊಸ ಕಣ್ಣು ಬರುವುದು ಎಂದು ಪ್ರತಿವಾದಿಗಳು ಹೇಳುವರು. ಇದನ್ನು ಅಲ್ಲಗಳೆಯಬೇಕಾಗಿಲ್ಲ. ಕ್ಯೋಟೋ ನಗರದ ನಿಶಿಜಿನ್ ನೇಕಾರರಲ್ಲಿ 1688ರಿಂದ ನಡೆದುಬಂದ ಹೊಸೊಓ ಮನೆತನವು ನಡುಪಟ್ಟಿಗೆ ಸಾಕಾಗುವ ಕಿರಿಯ ಅಗಲವನ್ನು ಬಿಟ್ಟು 150 ಸೆಂಟಿಮೀಟರು ಅಗಲ ನೇಯುವ ಮಗ್ಗವನ್ನು ಕಟ್ಟಿತು. ಅದರಿಂದ ಆ ನೇಯ್ಗೆಯು ಕುರ್ಚಿಗೂ ಗೋಡೆಗೂ ಒದಗುವಂತಾಯಿತು. ಇಲ್ಲಿ ಬದಲಾದುದು ಮಗ್ಗ; ನೇಕಾರನು ತನ್ನ ವಿದ್ಯೆಯ ಒಡೆತನವನ್ನು ಬಿಟ್ಟುಕೊಡದೆ ಹೊಸ ಬಳಕೆಯನ್ನು ಸಂಪಾದಿಸಿದನು. ಇದು ಬೆಳವಣಿಗೆ. ಕಲಾವಿದನ ಕಲ್ಪನೆಗೆ ಒಮ್ಮೆ ಕೈಯಾಳಾಗಿ ದುಡಿದು ಮರೆಯಾಗುವುದು ಬೆಳವಣಿಗೆಯಲ್ಲ.

ಹೆಸರಿನ ವಿಚಾರವೂ ಇದಕ್ಕೆ ಸೇರಿದೆ. ಕೋಣೆಯ ಬಾಗಿಲಲ್ಲಿ ಕಲಾವಿದನ ಹೆಸರು ಎದ್ದುಕಾಣುತ್ತದೆ. ಕಾಗದ ಎತ್ತಿದವನಿಗೆ ‘ಸಾಂಪ್ರದಾಯಿಕ ವಿಧಾನ’ ಎಂಬ ಎರಡು ಮಾತು. ಹೆಸರಿಲ್ಲದಿರುವುದೇ ಕುಶಲಕರ್ಮಿಯ ಹಿರಿಮೆಯೆಂದು ಯಾನಾಗಿ ಹೇಳಿದುದು ದಿಟ. ಆದರೆ ಎಲ್ಲರೂ ಹೆಸರಿಲ್ಲದಿದ್ದಾಗ ಅದು ಹಿರಿಮೆ. ಪಕ್ಕದವನ ಹೆಸರಿಗೆ ಬೆಲೆ ಕಟ್ಟುವ ಮನೆಯಲ್ಲಿ ಅದು ನಷ್ಟ. 2019ರಲ್ಲಿ ಕ್ಯೋಟೋದಲ್ಲಿ ತೆರೆದ ಬಿಎನ್‌ಎ ಆಲ್ಟರ್ ಮ್ಯೂಸಿಯಂ ಎಂಬ ವಸತಿಗೃಹವು ಕೋಣೆಯ ಬಾಡಿಗೆಯಲ್ಲಿ ಒಂದು ಪಾಲನ್ನು ಆ ಕೋಣೆಯನ್ನು ರಚಿಸಿದ ಕಲಾವಿದನಿಗೆ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿತು. ಇದು ನ್ಯಾಯವಾದ ಪದ್ಧತಿ. ಈ ನ್ಯಾಯವು ಚಾಪೆ ಹೆಣೆದವನವರೆಗೂ, ಬಟ್ಟಲಿಗೆ ಮೆರುಗು ಕೊಟ್ಟವನವರೆಗೂ ಏಕೆ ಇಳಿದುಬರಬಾರದು?

ಆದುದರಿಂದ ಇಂತಹ ಗೃಹಗಳನ್ನು ಅಳೆಯಬೇಕಾದುದು ಮುಂಬಾಗಿಲಿನ ಚಿತ್ರದಿಂದಲ್ಲ, ಅಡಿಗೆಮನೆಯ ಕಪಾಟಿನಿಂದ ಮತ್ತು ದುರಸ್ತಿಯ ಲೆಕ್ಕದಿಂದ. ಅತಿಥಿಯ ಕೈ ಮುಟ್ಟುವ ವಸ್ತುಗಳಲ್ಲಿ ಎಷ್ಟು ಕೈಕೆಲಸದವು? ಒಡೆದುದು ಮಾಡಿದವನ ಬಳಿಗೆ ಹೋಗುವುದೋ ಕಸಕ್ಕೋ? ಮುಂದಿನ ವರ್ಷಕ್ಕೆ ಬೇಡಿಕೆಯ ಪತ್ರ ಹೋಗಿದೆಯೆ? ಈ ಮೂರಕ್ಕೆ ಉತ್ತರ ಕೊಡಬಲ್ಲ ಮನೆಯು ಎಷ್ಟು ಹೊಸ ಚಿತ್ರಗಳನ್ನು ತೂಗುಹಾಕಿದರೂ ಆಕ್ಷೇಪಣೆಯಿಲ್ಲ.

ಕನ್ನಡನಾಡಿಗೂ ಇದು ದೂರದ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಷೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಸ್ಥಾಪಿಸಿ ಜಪಾನೀ ತಜ್ಞರನ್ನು ಕರೆಸಿದರು. ಅಂದು ಅಲ್ಲಿಂದ ಬಂದುದು ಗೋಡೆಗೆ ತೂಗುಹಾಕುವ ರೇಷ್ಮೆಯಲ್ಲ. ಹುಳು ಸಾಕುವ, ನೂಲು ತೆಗೆಯುವ ಕೈಗೆಲಸ. ಇಂದು ಆ ದೇಶದ ಹೊಸ ಗೃಹಗಳನ್ನು ಕಂಡು ಬೆರಗಾಗಿ ಬರುವವರು ಅಲ್ಲಿಂದ ಏನನ್ನಾದರೂ ತರುವುದಾದರೆ, ಹಳೆಯ ಛತ್ರದಲ್ಲಿ ಅತಿಥಿಯ ಮುಂದಿಟ್ಟ ಆ ಬಟ್ಟಲಿನ ಪಾಠವನ್ನು ತರಲಿ.