ಅಯಾನಿಗೂ ಡಬಲ್ ಎಂಟ್ರಿ ಉಂಟು ಸ್ವಾಮೀ!

ಮೊನ್ನೆ ಭಾನುವಾರ ಡೊಂಬಿವಲಿಯಲ್ಲಿ ಪರಿಚಿತರ ಮನೆ ಸತ್ಯನಾರಾಯಣ ಪೂಜೆ. ಪ್ರಸಾದ ಮುಗಿಯುತ್ತಿದ್ದಂತೆ ಒಬ್ಬ ಮಹಾಶಯರು ಬ್ಯಾಗಿನಿಂದ ಕಪ್ಪು ಬಿಲ್ಲೆಯ ಪೆಂಡೆಂಟ್ ತೆಗೆದರು. "ಇದು ಹಗಲೂ ರಾತ್ರಿ ನೆಗೆಟಿವ್ ಅಯಾನು ಬಿಡುತ್ತೆ. ಮಂಡಿನೋವು, ಬಿಪಿ, ನಿದ್ರಾಹೀನತೆ ಎಲ್ಲಕ್ಕೂ ಒಳ್ಳೇದು. ಬರೀ ನಾಲ್ಕು ಸಾವಿರ." ಇಬ್ಬರು ಹಿರಿಯರು ಆಗಲೇ ಪರ್ಸ್ ತೆಗೆದಿದ್ದರು. ನಾನು ಬಾಯಿ ಹಾಕಿದೆ. "ಸಾರ್, ನೀವು ಬಿ.ಕಾಂ. ಅಲ್ವಾ? ಇದು ಸೈನ್ಸು, ಬಿಡಿ" ಅಂದರು.

ಬಿಡಲ್ಲ ಸ್ವಾಮೀ. ಜೀವನವಿಡೀ ಲೆಡ್ಜರ್ ನೋಡಿದವನಿಗೆ ಅಯಾನು ಅರ್ಥವಾಗದೆ ಏನು?

ಪರಮಾಣುವಿನ ನಡುವೆ ನ್ಯೂಕ್ಲಿಯಸ್. ಅದರೊಳಗೆ ಧನ ಆವೇಶದ ಪ್ರೋಟಾನು, ಆವೇಶವೇ ಇಲ್ಲದ ನ್ಯೂಟ್ರಾನು. ಹೊರಗೆ ಋಣ ಆವೇಶದ ಎಲೆಕ್ಟ್ರಾನು. ಪ್ರೋಟಾನು ಲಾಕರಿನ ಚಿನ್ನವಿದ್ದಂತೆ, ಅಯಾನಿನ ವ್ಯವಹಾರದಲ್ಲಿ ಅಲುಗುವುದಿಲ್ಲ. ಕೈ ಬದಲಾಗುವುದು ಎಲೆಕ್ಟ್ರಾನು ಮಾತ್ರ. ಸೋಡಿಯಂಗೆ 11 ಪ್ರೋಟಾನು, 11 ಎಲೆಕ್ಟ್ರಾನು, ಲೆಕ್ಕ ಚುಕ್ತಾ. ಒಂದು ಎಲೆಕ್ಟ್ರಾನು ಹೋದರೆ ಅದು ಧನ ಅಯಾನು. ಅದೇ ಎಲೆಕ್ಟ್ರಾನು ಕ್ಲೋರಿನ್ ಖಾತೆಗೆ ಬಂದರೆ ಅಲ್ಲಿ 17 ಪ್ರೋಟಾನಿಗೆ 18 ಎಲೆಕ್ಟ್ರಾನು, ಋಣ ಅಯಾನು. ನಮ್ಮ ಅಡುಗೆ ಉಪ್ಪು ಈ ಎರಡರ ಜೋಡಿ. ಕಳೆದುಕೊಂಡವನು ಪ್ಲಸ್, ಪಡೆದವನು ಮೈನಸ್! ಕೈ ಬದಲಾದದ್ದು ಸಾಲ ತಾನೇ?

ಈಗ ಹೇಳಿ, ಬರೀ ನೆಗೆಟಿವ್ ಅಯಾನು ಹುಟ್ಟಿಸುವುದು ಹೇಗೆ? ಗಾಳಿಯ ಒಂದು ಅಣುವಿನಿಂದ ಎಲೆಕ್ಟ್ರಾನು ಕಿತ್ತರೆ ಅಲ್ಲೊಂದು ಪಾಸಿಟಿವ್ ಅಯಾನು ಉಳಿಯಲೇಬೇಕು. ಒಂದು ಕಡೆ ಮಾತ್ರ ಎಂಟ್ರಿ ಹಾಕಿದ ಪುಸ್ತಕವನ್ನು ಯಾವ ಆಡಿಟರ್ ಒಪ್ಪುತ್ತಾನೆ?

ಎರಡನೇ ಪ್ರಶ್ನೆ, ಖರ್ಚು ಯಾರದು? ಎಲೆಕ್ಟ್ರಾನು ಪುಕ್ಕಟೆ ಬರುವುದಿಲ್ಲ. ಆಮ್ಲಜನಕದ ಒಂದು ಅಣುವಿನಿಂದ ಅದನ್ನು ಕೀಳಲು ಸುಮಾರು 12 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಪೆಂಡೆಂಟಿಗೆ ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ. ಹಾಗಾದರೆ ಇರುವುದು ಎರಡೇ ದಾರಿ. ಒಂದೋ ಅದು ಅಯಾನು ಬಿಡುತ್ತಿಲ್ಲ, ನಾಲ್ಕು ಸಾವಿರ ನಾಮ. ಇಲ್ಲವೇ ನಿಜವಾಗಿಯೂ ಬಿಡುತ್ತಿದೆ... ಆಗ ಹೆದರಬೇಕಾದ್ದು!

ಯಾಕೆಂದರೆ ಇಂಥ ಕೆಲವು ಸರಕಿನಲ್ಲಿ ಥೋರಿಯಂ ಇರುವ ಖನಿಜದ ಪುಡಿ ಸಿಕ್ಕಿದೆ. ಕೇರಳದ ಕಡಲತೀರದ ಮರಳಿನಲ್ಲಿರುವ ಮೊನಜೈಟ್ ಅಂಥದೇ ಖನಿಜ. ಥೋರಿಯಂ ಪರಮಾಣು ಒಡೆದಾಗ ಹೊರಬರುವ ಒಂದು ಆಲ್ಫಾ ಕಣಕ್ಕೆ ಸುಮಾರು 40 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಗಾಳಿಯಲ್ಲಿ ಅದು ಲಕ್ಷಕ್ಕೂ ಹೆಚ್ಚು ಅಯಾನು ಜೋಡಿ ಎಬ್ಬಿಸಬಲ್ಲದು. ಜೊತೆಗೆ ಬರುವ ಬೀಟಾ, ಗಾಮಾ ವಿಕಿರಣಗಳು ಚರ್ಮದೊಳಗೂ ಇದೇ ಎಲೆಕ್ಟ್ರಾನು ಕೀಳುವ ಕೆಲಸ ಮಾಡುತ್ತವೆ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ ಪೆಂಡೆಂಟ್, ಕಣ್ಣುಪಟ್ಟಿ ಸೇರಿ ಇಂಥ ಹತ್ತು ಸರಕುಗಳ ಹೆಸರು ಹೇಳಿ, ಧರಿಸಬೇಡಿ ಎಂದು ಎಚ್ಚರಿಸಿತು. ಪ್ರಮಾಣ ಕಡಿಮೆ, ನಿಜ. ಆದರೆ ಹಗಲೂ ರಾತ್ರಿ, ವರ್ಷಗಟ್ಟಲೆ ಎದೆಗೆ ಕಟ್ಟಿಕೊಳ್ಳಿ ಅನ್ನುತ್ತಾರಲ್ಲ? ಥೋರಿಯಂ ಅರ್ಧದಷ್ಟು ಕರಗಲು 1,400 ಕೋಟಿ ವರ್ಷ ಬೇಕು. "ಲೈಫ್‌ಟೈಮ್ ಗ್ಯಾರಂಟಿ" ಅಂತಾರೆ, ಅದೊಂದು ಮಾತು ಮಾತ್ರ ಸತ್ಯ.

ಪರವೂರಿನಲ್ಲಿ "ನಮ್ಮವರು" ಅನ್ನುವ ಶಬ್ದಕ್ಕೆ ನಾವು ಬೇಗ ಕರಗುತ್ತೇವೆ. ಕನ್ನಡ ಮಾತಾಡಿದರೆ ಸಾಕು, ಸಹಿ ಹಾಕಿಬಿಡುತ್ತೇವೆ. ಸಾಲ ಕೇಳಿ ಬಂದವನು ಎಷ್ಟು ಹತ್ತಿರದವನಾದರೂ ಬ್ಯಾಂಕಿನವರು ಕಾಗದ ನೋಡುತ್ತೇವೆ. ಪೆಂಡೆಂಟಿಗೂ ಅದೇ ನಿಯಮ ಇರಲಿ. ಶಕ್ತಿ ಎಲ್ಲಿಂದ ಬಂತು, ಇನ್ನೊಂದು ಎಂಟ್ರಿ ಎಲ್ಲಿದೆ ಅಂತ ಎರಡೇ ಪ್ರಶ್ನೆ ಕೇಳಿ.

ಅಂದಹಾಗೆ, ಆ ಇಬ್ಬರಲ್ಲಿ ಒಬ್ಬರು ಪರ್ಸ್ ಒಳಗಿಟ್ಟರು. ಇನ್ನೊಬ್ಬರು ಕೊಂಡರು. ಅವರಿಗಾಗಿಯೇ ಇದನ್ನು ಬರೆದೆ.