‘ವಿಲ್’ ಎಂದರೆ ‘ಉವ’ವಲ್ಲ: ಭವಿಷ್ಯತ್ಕಾಲದ ಪಾಠವನ್ನು ಕುರಿತು

ಇಂಗ್ಲಿಶ್ ವ್ಯಾಕರಣದ ಭವಿಷ್ಯತ್ಕಾಲವನ್ನು ಕನ್ನಡದ ಮೂಲಕ ಕಲಿಸುವಾಗ ನಾವು ಬಹುಕಾಲದಿಂದ ಒಂದು ಸಮೀಕರಣವನ್ನು ನೆಚ್ಚಿಕೊಂಡಿದ್ದೇವೆ: ‘ಐ ವಿಲ್ ಗೋ’ ಎಂದರೆ ‘ನಾನು ಹೋಗುವೆನು’. ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳಿಗೆ ಕನ್ನಡ ಮಾಧ್ಯಮದಿಂದ ಬರುವ ವಿದ್ಯಾರ್ಥಿಗಳು ಇದನ್ನೇ ಊರುಗೋಲಾಗಿ ಹಿಡಿದಿರುತ್ತಾರೆ. ‘ವಿಲ್’ ಎಲ್ಲಿ, ‘ಗೋಯಿಂಗ್ ಟು’ ಎಲ್ಲಿ, ‘ಐ ಆಮ್ ಗೋಯಿಂಗ್ ಟುಮಾರೋ’ ಎನ್ನುವುದು ಎಲ್ಲಿ ಎಂಬ ಪ್ರಶ್ನೆ ಎದುರಾದೊಡನೆ ತಬ್ಬಿಬ್ಬಾಗುತ್ತಾರೆ. ಇದು ಇಂಗ್ಲಿಶ್ ವಿಭಾಗದ ಸಮಸ್ಯೆಯೆಂದು ನಾವು ಸುಮ್ಮನಿರುವುದು ಸರಿಯಲ್ಲ. ತೊಡಕಿನ ಒಂದು ಬೇರು ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲಿಯೇ ಇದೆ.

ಇಂಗ್ಲಿಶಿನಲ್ಲಿ ಭೂತಕಾಲಕ್ಕೆ ಇರುವಂತೆ ಭವಿಷ್ಯತ್ತಿಗೆ ಕ್ರಿಯಾಪದದ ಪ್ರತ್ಯೇಕ ರೂಪವಿಲ್ಲ. ‘ವಿಲ್’ ಮೂಲತಃ ಇಚ್ಛೆಯನ್ನೂ ‘ಶಲ್’ ಋಣ-ಕರ್ತವ್ಯಗಳನ್ನೂ ಸೂಚಿಸುತ್ತಿದ್ದ ಪದಗಳು. 1653ರಲ್ಲಿ ಜಾನ್ ವಾಲಿಸ್ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಶ್ ವ್ಯಾಕರಣವು ಇವೆರಡನ್ನು ಪುರುಷಭೇದಕ್ಕೆ ಅನುಗುಣವಾಗಿ ಹಂಚಿತು. ಅಂಥ ನಿಯಮವು ನಮ್ಮ ಶಾಲೆಗಳವರೆಗೂ ಬಂದಿತು. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣವಾದರೋ ಪ್ರತ್ಯೇಕ ಭವಿಷ್ಯತ್ಕಾಲರೂಪವನ್ನೇ ಒಪ್ಪದೆ, ಭವಿಷ್ಯವನ್ನು ಹೇಳುವ ಹಲವು ಬಗೆಗಳನ್ನು ವಿವರಿಸುತ್ತದೆ. ಇವುಗಳ ನಡುವಿನ ಆಯ್ಕೆಯನ್ನು ನಿರ್ಧರಿಸುವುದು ಕಾಲವಲ್ಲ, ಮಾತನಾಡುವವನ ನಿಲುವು: ಆಗಲೇ ಮಾಡಿದ ತೀರ್ಮಾನವೇ, ಮೊದಲೇ ಇದ್ದ ಉದ್ದೇಶವೇ, ಕಣ್ಣೆದುರಿನ ಕುರುಹಿನಿಂದ ಮಾಡಿದ ಊಹೆಯೇ, ನಿಗದಿಯಾದ ಏರ್ಪಾಡೇ ಎಂಬುದು.

ಈ ವಿವೇಚನೆ ಕನ್ನಡಿಗನಿಗೆ ಹೊಸದಲ್ಲ. ‘ತಡಿ, ನಾನೇ ತರ್ತೀನಿ’ ಎನ್ನುವಾಗ ಆ ಕ್ಷಣದ ತೀರ್ಮಾನವಿದೆ. ಇಂಗ್ಲಿಶಿನ ‘ವಿಲ್’ಗೆ ಇದೇ ಸ್ಥಾನ. ‘ಮಳೆ ಬರೋ ಹಂಗಿದೆ’ ಎನ್ನುವಾಗ ಕವಿದ ಮೋಡವೇ ಆಧಾರ. ಅಲ್ಲಿ ‘ಗೋಯಿಂಗ್ ಟು’ ತಕ್ಕುದು. ‘ಮುಂದಿನ ವರ್ಷ ಮನೆ ಕಟ್ಟಿಸುವವನಿದ್ದೇನೆ’ ಎಂಬ ಉದ್ದೇಶಕ್ಕೂ ಅದೇ ಸಲ್ಲುತ್ತದೆ. ‘ನಾಳೆ ಬೆಂಗಳೂರಿಗೆ ಹೋಗುತ್ತಿದ್ದೇನೆ’ ಎಂಬ ಏರ್ಪಾಡಿಗೆ ಇಂಗ್ಲಿಶಿನಲ್ಲಿಯೂ ಅಂಥದೇ ರೂಪವಿದೆ. ‘ಮಳೆ ಬಂದೀತು’ ಎಂಬ ಸಂಭಾವನಾರೂಪಕ್ಕಾದರೆ ‘ವಿಲ್’ ಸಾಲದು, ‘ಮೇ’ ಅಥವಾ ‘ಮೈಟ್’ ಬೇಕಾಗುತ್ತದೆ. ‘ಬಂದ್-’ ಎಂಬ ಭೂತಕಾಲದ ಅಂಗದಿಂದಲೇ ಮುಂದಿನದನ್ನು ಊಹಿಸುವ ಈ ರೂಪದ ಸೊಗಸನ್ನು ನಾವು ತರಗತಿಯಲ್ಲಿ ಎಷ್ಟು ಬಾರಿ ತೋರಿಸಿದ್ದೇವೆ?

ನಾವು ಕಲಿಸುವುದು ‘ಉತ್ತ’, ‘ದ’, ‘ಉವ’ ಎಂಬ ಮೂರು ಪ್ರತ್ಯಯಗಳನ್ನು. ‘ಉವ’ಯುಕ್ತ ಆಖ್ಯಾತವು ಇಂದು ಹೆಚ್ಚಾಗಿ ಕಾವ್ಯದಲ್ಲಿಯೂ ‘ಉದ್ಘಾಟಿಸುವರು’ ಎಂಬಂಥ ಆಮಂತ್ರಣ ಪತ್ರಿಕೆಯ ಒಕ್ಕಣೆಯಲ್ಲಿಯೂ ಉಳಿದಿದೆ. ನಮ್ಮ ಆಡುಮಾತಿನಲ್ಲಿ ನಾಳೆಯ ಕೆಲಸವನ್ನು ಹೇಳುವುದು ‘ಬರ್ತೀನಿ’ಯೇ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಎಂದು ಒತ್ತಾಯಿಸಿದ್ದು ಇಂಥ ಅಂತರವನ್ನು ಕಂಡೇ. ಕನ್ನಡದ ಕ್ರಿಯಾರೂಪಗಳಲ್ಲಿ ಎರಡೇ ಕಾಲಗಳಿವೆ ಎಂಬ ಅವರ ನಿಲುವನ್ನು ಒಪ್ಪದವರೂ ಬಳಕೆಯ ಈ ಸಂಗತಿಯನ್ನು ಅಲ್ಲಗಳೆಯಲಾರರು.

ಭದ್ರಾವತಿಯ ತರಗತಿ ಮತ್ತೊಂದು ಪಾಠವನ್ನು ಹೇಳುತ್ತದೆ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಿಂದ ಬೆಳೆದ ಈ ಊರಿನಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳೂ ಕನ್ನಡ ಓದುತ್ತಾರೆ. ತಮಿಳಿನ ‘ವರುವೇನ್’, ಉರ್ದುವಿನ ‘ಆವೂಂಗಾ’ ಆಡುಮಾತಿನಲ್ಲಿಯೂ ಜೀವಂತವಾಗಿರುವ ಭವಿಷ್ಯದ್ರೂಪಗಳು. ತೆಲುಗಿನ ‘ವಸ್ತಾನು’ ನಮ್ಮ ‘ಬರುತ್ತೇನೆ’ಯಂತೆ ರೂಢಿಗೂ ನಾಳೆಗೂ ಸಲ್ಲುತ್ತದೆ. ಇವರೆಲ್ಲರ ಮುಂದೆ ‘ವಿಲ್ = ಉವ’ ಎಂದು ಬರೆದರೆ ಯಾರ ಅನುಭವಕ್ಕೂ ಅದು ತಾಳೆಯಾಗದು.

ಮೂರು ಕಾಲಗಳ ಪಾಠವನ್ನು ಬಿಟ್ಟರೆ ಹಳಗನ್ನಡದ ಓದಿಗೆ ತೊಂದರೆಯಾದೀತು ಎಂಬ ಆಕ್ಷೇಪ ಬರಬಹುದು. ಅದನ್ನು ಬಿಡಬೇಕಾಗಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನನ್ನು ಅವನ ಕಾಲದ ಭಾಷೆಗಾಗಿ ಓದೋಣ; ಇಂದಿನ ಕನ್ನಡದ ವಿವರಣೆಯ ಹೊರೆಯನ್ನು ಅವನ ಮೇಲೆ ಹೊರಿಸದಿರೋಣ. ಪದವಿ ತರಗತಿಯಲ್ಲಿ ‘ಬರುತ್ತೇನೆ, ಬರುವವನಿದ್ದೇನೆ, ಬರಲಿದ್ದೇನೆ, ಬಂದೇನು’ ಎಂಬ ರೂಪಗಳ ಅರ್ಥಭೇದವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಲು ಒಂದೆರಡು ಅವಧಿಗಳು ಸಾಕು. ಇಂಗ್ಲಿಶ್ ಅಧ್ಯಾಪಕರು ಅಲ್ಲಿಂದ ಮುಂದುವರಿಯಬಹುದು.

ಸಂದರ್ಶನದಲ್ಲಿ ಒಂದು ಇಂಗ್ಲಿಶ್ ವಾಕ್ಯಕ್ಕೆ ತಡವರಿಸುವ ವಿದ್ಯಾರ್ಥಿ ತನಗೆ ಭಾಷಾಜ್ಞಾನವೇ ಇಲ್ಲವೆಂದು ಭಾವಿಸುತ್ತಾನೆ. ಅವನು ಹುಡುಕುತ್ತಿರುವ ಭೇದ ಅವನ ನಾಲಗೆಯ ಮೇಲೆಯೇ ಇದೆ. ಅದನ್ನು ಅವನಿಗೆ ತೋರಿಸಿಕೊಡಬೇಕಾದವರು ಕನ್ನಡ ಅಧ್ಯಾಪಕರಾದ ನಾವು.