ಎದುರಂಗಡಿಯ ಗುಟ್ಟು

ಎದುರಂಗಡಿಯವನು ಏನು ಮಾರುತ್ತಾನೆ, ಎಷ್ಟಕ್ಕೆ ಮಾರುತ್ತಾನೆ, ಯಾವ ಗಿರಾಕಿಯನ್ನು ಯಾವ ಮಾತಿನಿಂದ ಒಳಕ್ಕೆ ಕರೆಯುತ್ತಾನೆ ಎಂದು ತಿಳಿಯುವ ಹಂಬಲ ವ್ಯಾಪಾರದಷ್ಟೇ ಹಳೆಯದು. ಪೇಟೆಯ ಬೀದಿಯಲ್ಲಿ ಅದಕ್ಕೆ ಬೇಕಾದುದು ಒಂದು ಜೊತೆ ಕಣ್ಣು, ಪಕ್ಕದ ಕಾಫಿ ಹೋಟೆಲಿನಲ್ಲಿ ಕೂರಲು ಅರ್ಧ ಗಂಟೆಯ ಬಿಡುವು. ಆದರೆ ಅಂಗಡಿಯೇ ಕಣ್ಣಿಗೆ ಬೀಳದ ಪೇಟೆಯಲ್ಲಿ, ಎಂದರೆ ಗೂಗಲಿನಂಥ ಶೋಧಯಂತ್ರದ ಪುಟದಲ್ಲಿ, ಜಾಹೀರಾತು ಕೊಟ್ಟು ಗಿರಾಕಿಗಾಗಿ ಕಾಯುವವನು ಏನು ಮಾಡಬೇಕು? “ನಿಮ್ಮ ಪ್ರತಿಸ್ಪರ್ಧಿಯ ಗುಟ್ಟನ್ನೆಲ್ಲ ತೆರೆದಿಡುತ್ತೇವೆ” ಎಂದು ಸಾರುವ ಉಪಕರಣಗಳು ಇಂದು ಹತ್ತಾರು ಇವೆ. ಕೆಲವುಗಳ ತಿಂಗಳ ಚಂದಾ ನೂರು ಡಾಲರನ್ನು ಮೀರುತ್ತದೆ. ಇಳಕಲ್ಲಿನ ಸೀರೆಯನ್ನೋ ಚನ್ನಪಟ್ಟಣದ ಬೊಂಬೆಯನ್ನೋ ಮಾರುವ ಸಣ್ಣ ವ್ಯಾಪಾರಿ ಜಾಹೀರಾತಿಗೆಂದು ತೆಗೆದಿರಿಸಿದ ಹಣದಲ್ಲಿ ದೊಡ್ಡ ಪಾಲನ್ನು ಈ ಚಂದಾ ಒಂದೇ ನುಂಗಿಬಿಡಬಹುದು. ಆದಕಾರಣ ಆಯ್ಕೆಗೆ ಮುನ್ನ ಅವುಗಳ ಒಳಮರ್ಮವನ್ನು ಅರಿಯುವುದು ಲೇಸು.

ಮೊದಮೊದಲು ಇದರಲ್ಲಿ ಗುಟ್ಟೆಂಬುದೇ ಇರಲಿಲ್ಲವೆನ್ನುವುದು ಸ್ವಾರಸ್ಯದ ಸಂಗತಿ. 1998ರಲ್ಲಿ ಕ್ಯಾಲಿಫೋರ್ನಿಯದ ಬಿಲ್ ಗ್ರಾಸ್ ಎಂಬಾತ ಗೋಟೂ ಎಂಬ ಶೋಧತಾಣದಲ್ಲಿ ಪದಗಳನ್ನೇ ಹರಾಜಿಗಿಟ್ಟನು. ಒಂದು ಪದಕ್ಕೆ ಹೆಚ್ಚು ಕೂಗಿದವನ ಹೆಸರು ಮೇಲೆ. ಹುಡುಕುವವನು ಅದನ್ನು ಒತ್ತಿದರೆ ಮಾತ್ರ ಹಣ. ಯಾರು ಎಷ್ಟು ಕೂಗಿದ್ದಾರೆಂಬುದು ಆ ಹೆಸರಿನ ಬಳಿಯಲ್ಲಿಯೇ ಎಲ್ಲರಿಗೂ ಕಾಣುತ್ತಿತ್ತು. ಒಬ್ಬರ ಮೇಲೊಬ್ಬರು ಒಂದೊಂದೇ ಸೆಂಟು ಏರಿಸುತ್ತ ಹೋಗುವುದು, ಒಬ್ಬನು ಬೇಸತ್ತು ಕೆಳಗಿಳಿದೊಡನೆ ಇನ್ನೊಬ್ಬನೂ ಇಳಿಯುವುದು, ಮರಳಿ ಏರುವುದು, ಹೀಗೆ ಆ ಹರಾಜು ಉಯ್ಯಾಲೆಯಂತೆ ನಡೆದಿತ್ತು. ಗೋಟೂ 2001ರಲ್ಲಿ ಓವರ್ಚರ್ ಎಂಬ ಹೆಸರು ತಳೆದು 2003ರಲ್ಲಿ ಯಾಹೂವಿನ ಪಾಲಾಯಿತು. ಅಷ್ಟರಲ್ಲಿ ಗೂಗಲ್ 2002ರಲ್ಲಿ ಬೇರೊಂದು ಕ್ರಮವನ್ನು ತಂದಿತ್ತು. ಕೂಗಿದ ಬೆಲೆಯೊಂದೇ ಸಾಲದು, ಜಾಹೀರಾತನ್ನು ಜನ ಎಷ್ಟು ಬಾರಿ ಒತ್ತುತ್ತಾರೆಂಬುದೂ ಸ್ಥಾನವನ್ನು ನಿರ್ಣಯಿಸಬೇಕು ಎಂಬುದು ಅದರ ನೀತಿ. ಪರರ ಬೆಲೆಯ ಮೇಲೆ ತೆರೆ ಬಿತ್ತು. ತೆರೆ ಬಿದ್ದ ಕಡೆ ಇಣುಕಿ ಹೇಳುವವರು ಹುಟ್ಟಿಕೊಳ್ಳುವುದು ಸಹಜವೇ. ಸ್ಪೈಫೂ, 2008ರಲ್ಲಿ ಆರಂಭವಾದ ಸೆಮ್‌ರಶ್ ಮೊದಲಾದವು ಹೀಗೆ ಬಂದವು.

ಇವುಗಳಲ್ಲಿ ಯಾವುದೂ ಪ್ರತಿಸ್ಪರ್ಧಿಯ ಖಾತೆಯೊಳಕ್ಕೆ ಕಾಲಿಡಲಾರದು. ಲಕ್ಷಾಂತರ ಪದಗಳ ಪಟ್ಟಿಯೊಂದನ್ನು ಇರಿಸಿಕೊಂಡು, ಆ ಪದಗಳನ್ನು ಆಗಾಗ ತಾವೇ ಹುಡುಕಿ, ಯಾರ ಜಾಹೀರಾತು ಕಂಡಿತೆಂದು ಬರೆದಿಡುವುದು ಇವುಗಳ ಕೆಲಸ. ಇಲ್ಲಿಯವರೆಗೆ ಅದು ಕಣ್ಣಾರೆ ಕಂಡ ಸಾಕ್ಷಿ. ಮುಂದಿನದು ಅಂದಾಜು. ಆ ಪದವನ್ನು ತಿಂಗಳಿಗೆ ಎಷ್ಟು ಮಂದಿ ಹುಡುಕಿಯಾರು ಎಂಬುದೊಂದು ಊಹೆ. ಅವರಲ್ಲಿ ಎಷ್ಟು ಮಂದಿ ಒತ್ತಿಯಾರು ಎಂಬುದು ಎರಡನೆಯ ಊಹೆ. ಒಂದೊಂದು ಒತ್ತಿಗೆ ಎಷ್ಟು ತೆತ್ತಿರಬಹುದು ಎಂಬುದು ಮೂರನೆಯದು. ಈ ಮೂರನ್ನೂ ಗುಣಿಸಿ “ನಿಮ್ಮ ಪ್ರತಿಸ್ಪರ್ಧಿಯ ತಿಂಗಳ ವೆಚ್ಚ ಇಷ್ಟು” ಎಂದು ಬಿಡಿಗಾಸಿನವರೆಗೆ ಲೆಕ್ಕ ಒಪ್ಪಿಸಿದರೆ ಓದಿದವನು ಬೆರಗಾಗದಿರುವುದು ಕಷ್ಟ. ಹುಬ್ಬಳ್ಳಿಯಲ್ಲಿ ಮಾತ್ರ, ಅದೂ ಸಂಜೆಯ ಹೊತ್ತಿನಲ್ಲಿ ಮಾತ್ರ ತೋರುವ ಜಾಹೀರಾತು ಆ ಯಂತ್ರದ ಕಣ್ಣಿಗೆ ಬೀಳದೆಯೇ ಹೋಗಬಹುದು. ಕಡಮೆ ಜನ ಹುಡುಕುವ ಪದ ಪಟ್ಟಿಯಲ್ಲಿಯೇ ಇರದಿರಬಹುದು.

ಇನ್ನೊಂದು ಜಾತಿಯ ಉಪಕರಣಗಳು ಜನರು ತಾಣದಿಂದ ತಾಣಕ್ಕೆ ನಡೆದ ಹೆಜ್ಜೆಗಳನ್ನು ಕೂಡಿಸಿ ಲೆಕ್ಕ ಹಾಕುತ್ತವೆ. ಆ ಹೆಜ್ಜೆಗಳು ಎಲ್ಲಿಂದ ಬಂದುವೆಂದು ಕೇಳಲು ಸಂಕೋಚಪಡಬಾರದು. ಗಣಕದ ರಕ್ಷಣೆಗೆಂದು ಜನ ನಂಬಿ ಹಾಕಿಕೊಂಡಿದ್ದ ಅವಾಸ್ಟ್ ತಂತ್ರಾಂಶ ಅವರ ಓಡಾಟದ ವಿವರಗಳನ್ನು ಸಂಗ್ರಹಿಸಿ, ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. ಸಂಗತಿ ಬಯಲಾಗಿ 2020ರ ಜನವರಿಯಲ್ಲಿ ಆ ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು 1 ಕೋಟಿ 65 ಲಕ್ಷ ಡಾಲರುಗಳನ್ನು ತೆರಬೇಕೆಂದು ಆದೇಶಿಸಿತು. ಎದುರಂಗಡಿಯ ಗುಟ್ಟೆಂದು ಕೊಂಡುಕೊಂಡದ್ದು ಗಿರಾಕಿಗಳದೇ ಗುಟ್ಟಾಗಿತ್ತು.

ಗೂಢಚಾರರ ಮಾತನ್ನು ಅಳೆಯುವ ಬಗೆಯನ್ನು ಕೌಟಿಲ್ಯನು ಹೇಳಿದ್ದಾನೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ಪ್ರಕಾರ, ಮೂವರ ವರದಿ ಒಂದೇ ಆದಾಗ ನಂಬಬೇಕು. ಆದರೆ ಒಬ್ಬ ಚಾರನ ಗುರುತು ಇನ್ನೊಬ್ಬನಿಗೆ ಇರಕೂಡದು ಎಂಬ ಕಟ್ಟನ್ನೂ ಅವನು ಹಾಕಿದ್ದಾನೆ. ಮೂರು ಉಪಕರಣಗಳು ಒಂದೇ ಅಂಕಿಯನ್ನು ಹೇಳಿದವೆಂದು ಹಿಗ್ಗುವ ವ್ಯಾಪಾರಿ ಈ ಎರಡನೆಯ ಮಾತನ್ನು ಮರೆಯುತ್ತಾನೆ. ಮೂರೂ ಹುಡುಕಾಟದ ಸಂಖ್ಯೆಯನ್ನು ಗೂಗಲಿನ ಒಂದೇ ಕಣಜದಿಂದ ತಂದಿದ್ದರೆ ಅವು ಮೂವರು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ಮೂರು ಅಂಗಿ ತೊಟ್ಟು ಬಂದಂತೆ.

ಹಾಗಾದರೆ ಪರೀಕ್ಷೆ ಹೇಗೆ? ಬಹುಮಟ್ಟಿಗೆ ಈ ಉಪಕರಣಗಳನ್ನು ಕೆಲವು ದಿನ ಬಿಟ್ಟಿಯಾಗಿಯೋ ಅಲ್ಪ ಹಣಕ್ಕೋ ಬಳಸಿ ನೋಡಲು ಅವಕಾಶವಿರುತ್ತದೆ. ಆಗ ಪ್ರತಿಸ್ಪರ್ಧಿಯ ಹೆಸರನ್ನು ಕೇಳುವ ಬದಲು ವ್ಯಾಪಾರಿ ತನ್ನ ತಾಣದ ಹೆಸರನ್ನೇ ಕೇಳಬೇಕು. ತನ್ನ ಖರ್ಚು, ತನ್ನ ಪದಗಳು, ತನ್ನಲ್ಲಿಗೆ ಬಂದ ಜನ, ಇವೆಲ್ಲ ಅವನಿಗೆ ಗೊತ್ತಿರುವುವು. ತನ್ನ ವಿಷಯದಲ್ಲಿ ಐದು ಪಾಲು ತಪ್ಪು ಹೇಳಿದ ಯಂತ್ರ ಎದುರಂಗಡಿಯ ವಿಷಯದಲ್ಲಿ ಸತ್ಯ ನುಡಿದೀತೆಂದು ನಂಬುವುದಾದರೂ ಹೇಗೆ? ಇಂಥ ಪರೀಕ್ಷೆಗೆ ಒಂದು ಸಂಜೆ ಸಾಕು. ಆದರೂ ಅದನ್ನು ಮಾಡುವವರು ವಿರಳ. ಮತ್ತೆ, ಒಂದೊಂದು ಉಪಕರಣದ ಕಸುಬು ಒಂದೊಂದು. ಅಹ್ರೆಫ್ಸ್ ಮೂಲತಃ ತಾಣಗಳ ನಡುವಣ ಕೊಂಡಿಗಳನ್ನು ಎಣಿಸಲು ಹೊರಟದ್ದು. ಸಿಮಿಲರ್‌ವೆಬ್ ಒಟ್ಟು ಜನಸಂಚಾರವನ್ನು ಅಂದಾಜು ಮಾಡುವಂಥದು. ಕಮ್ಮಾರನಲ್ಲಿ ಮಡಕೆ ಕೇಳಿ ಪ್ರಯೋಜನವಿಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಬಿಟ್ಟಿಯಾಗಿ ದೊರೆಯುವುದರ ಕಡೆ ಹಲವರು ತಿರುಗಿಯೂ ನೋಡುವುದಿಲ್ಲ. ಗೂಗಲಿನ ಜಾಹೀರಾತು ಖಾತೆಯಲ್ಲಿ 2012ರಿಂದಲೂ ಆಕ್ಷನ್ ಇನ್‌ಸೈಟ್ಸ್ ಎಂಬ ವರದಿ ಇದೆ. ತಾನು ಪಾಲ್ಗೊಂಡ ಹರಾಜುಗಳಲ್ಲಿ ಮತ್ತಾರು ಇದ್ದರು, ಎಷ್ಟು ಬಾರಿ ತನ್ನೊಡನೆ ಕಾಣಿಸಿಕೊಂಡರು, ಎಷ್ಟು ಬಾರಿ ತನಗಿಂತ ಮೇಲಿದ್ದರು ಎಂಬುದನ್ನು ಅದು ತಿಳಿಸುತ್ತದೆ. ಇದು ಹರಾಜು ನಡೆಸಿದವನದೇ ದಾಖಲೆ. ಬೆಲೆಯನ್ನು ಮಾತ್ರ ಹೇಳುವುದಿಲ್ಲ. 2023ರಲ್ಲಿ ತೆರೆದ ಜಾಹೀರಾತು ಪಾರದರ್ಶಕ ಕೇಂದ್ರದಲ್ಲಿ ಪ್ರತಿಸ್ಪರ್ಧಿಯ ಹೆಸರನ್ನು ಹಾಕಿದರೆ ಅವನ ಜಾಹೀರಾತುಗಳ ಒಕ್ಕಣೆಯನ್ನೇ ಓದಬಹುದು. ಯಾವ ಪದಕ್ಕೆ ಅದು ತೋರಿತೆಂಬುದು ಅಲ್ಲಿಲ್ಲ. ಆ ಒಂದು ಕೊರತೆಯನ್ನು ನೀಗಲು ಹಣ ಕೊಡಬೇಕೇ ಎಂಬುದಷ್ಟೇ ಆಗ ಉಳಿಯುವ ಪ್ರಶ್ನೆ. ಹತ್ತು ಹದಿನೈದು ಪದಗಳ ವ್ಯಾಪಾರವಾದರೆ ಬೇಡ. ನೂರಾರು ಪದಗಳಾದರೆ ಒಂದು ತಿಂಗಳ ಚಂದಾ ಕಟ್ಟಿ, ಪಟ್ಟಿಯನ್ನು ಇಳಿಸಿಕೊಂಡು, ಬಿಟ್ಟುಬಿಡಬಹುದು.

ಹೀಗೆ ಹುಡುಕುವಾಗ ತನ್ನ ಅಂಗಡಿಯ ಹೆಸರನ್ನೇ ಎದುರಾಳಿ ಹರಾಜಿನಲ್ಲಿ ಕೂಗಿರುವುದು ಕಂಡು ವ್ಯಾಪಾರಿ ಕಿಡಿಕಿಡಿಯಾಗುವುದುಂಟು. ಮೇಕ್‌ಮೈಟ್ರಿಪ್ ಸಂಸ್ಥೆಗೆ ಆದದ್ದು ಇದೇ. ತನ್ನ ಹೆಸರನ್ನು ಬುಕಿಂಗ್.ಕಾಮ್ ಶೋಧಪದವಾಗಿ ಬಳಸಿದೆಯೆಂದು ಅದು ದಿಲ್ಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, 2022ರಲ್ಲಿ ಏಕಸದಸ್ಯ ಪೀಠ ತಡೆಯಾಜ್ಞೆ ಇತ್ತಿತು. 2023ರ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಗಿರಾಕಿಗೆ ಇದು ಯಾರ ಅಂಗಡಿಯೆಂಬ ಭ್ರಮೆ ಹುಟ್ಟದಿರುವವರೆಗೆ, ಪದವನ್ನು ಹರಾಜಿನಲ್ಲಿ ಕೂಗಿದ ಮಾತ್ರಕ್ಕೆ ಅದು ಹೆಸರಿನ ಹಕ್ಕಿಗೆ ಭಂಗವಲ್ಲವೆಂಬುದು ಆ ತೀರ್ಪು.